ಟ್ರಂಕಿನಲ್ಲಿ ಉಳಿದ ಬೀದರ್

ಬೀದರ್ ಶಹರದ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ತಗಡಿನ ಟ್ರಂಕು ಇರುವುದು ವಿಶೇಷವೇನಲ್ಲ. ಮದುವೆಯ ಸೀರೆ, ಹೊಲದ ಕಾಗದ, ಮಾಸಿದ ಫೋಟೊಗಳ ಕೆಳಗೆ, ಟ್ರಂಕಿನ ತಳದಲ್ಲಿ ಒಮ್ಮೊಮ್ಮೆ ನಿಜಾಮರ ಕಾಲದ ಒಂದು ನೋಟು ಸಿಗುವುದುಂಟು. ಹೈದರಾಬಾದ್ ಸಂಸ್ಥಾನವು 1918ರಲ್ಲಿ ಕಾಗದದ ಹಣಕ್ಕೆ ಕಾಯ್ದೆ ಮಾಡಿ ಚಲಾವಣೆಗೆ ತಂದ ಉಸ್ಮಾನಿಯಾ ಸಿಕ್ಕಾ ನೋಟು ಅದು. ಮೊದಲು ಕಣ್ಣಿಗೆ ಬೀಳುವುದು ಉರ್ದು ಬರಹ. ಹತ್ತಿರ ಹಿಡಿದು ನೋಡಿದರೆ ಇಂಗ್ಲಿಷ್, ಮರಾಠಿ, ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಅದರ ಬೆಲೆ ಅಚ್ಚಾಗಿರುವುದು ಕಾಣುತ್ತದೆ.

ಅದೇ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಸ್ಥಾಪನೆಯಾಯಿತು. ಮುಂದೆ ಬೀದರ್ ಸೀಮೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಬೇಕೆಂದವರು ಶಾಲೆಯ ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಪಾಠ ಮಾಡಬೇಕಾಯಿತು. ನೋಟಿನ ಮೇಲಿದ್ದ ಕನ್ನಡಕ್ಕೆ ಶಾಲೆಯ ಬಾಗಿಲಲ್ಲಿ ಜಾಗವಿರಲಿಲ್ಲ. ಒಂದು ಹರಕು ನೋಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಈ ಎರಡು ಸಂಗತಿಗಳನ್ನು ಪಕ್ಕದಲ್ಲಿ ಬರೆದು ಹಾಕಿದರೆ, ನೋಡುವವರು ಎರಡು ನಿಮಿಷ ನಿಂತಾರು. ಏನೂ ಬರೆಯದೆ ‘ಹಳೆಯ ನೋಟು’ ಎಂದಷ್ಟೇ ಹಾಕಿದರೆ ಮುಂದಿನ ಮೇಜಿಗೆ ಹೋದಾರು.

ರಾಜ್ಯೋತ್ಸವ, ಸೆಪ್ಟೆಂಬರ್ 17ರ ಆಚರಣೆ, ಶಾಲೆಯ ವಾರ್ಷಿಕೋತ್ಸವ, ಜಾತ್ರೆ ಎಂದರೆ ಊರಿನ ಹವ್ಯಾಸಿಗಳು ತಮ್ಮ ಸಂಗ್ರಹವನ್ನು ಮೇಜಿನ ಮೇಲೆ ಹರಡಿ ತೋರಿಸುವುದು ಎಲ್ಲೆಡೆ ಇದೆ. ನಾಣ್ಯ, ನೋಟು, ಅಂಚೆಚೀಟಿ, ತಾಮ್ರದ ಹಂಡೆ, ಹಿತ್ತಾಳೆಯ ಅಡಕತ್ತು, ಬಿದರಿಯ ಪಾನದಾನ ಎಲ್ಲ ಅಲ್ಲಿರುತ್ತವೆ. ಬೀದರ್, ಭಾಲ್ಕಿ, ಔರಾದ್ ಕಡೆ ಇಂಥ ಸಂಗ್ರಹಗಳಿಗೆ ಬೇರೆ ಊರುಗಳಿಗಿಂತ ಹೆಚ್ಚಿನ ಬೆಲೆಯಿದೆ. ಏಕೆಂದರೆ ಈ ಸೀಮೆಯ ದೊಡ್ಡ ವಸ್ತುಗಳು ಮೊದಲೇ ಊರು ಬಿಟ್ಟಿವೆ.

ಬೀದರಿನಲ್ಲಿ ಹೆಸರಾದ ಮೊದಲ ಖಾಸಗಿ ಸಂಗ್ರಹ ಯಾವುದೆಂದು ಕೇಳಿದರೆ ಮಹಮೂದ್ ಗವಾನನ ಪುಸ್ತಕಗಳನ್ನೇ ಹೇಳಬೇಕು. ಬಹಮನಿ ಸುಲ್ತಾನ ಅಹಮದ್ ಶಾಹ 1430ರ ಸುಮಾರಿಗೆ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಮುಂದೆ ಅದೇ ಮನೆತನದ ಪ್ರಧಾನಿಯಾದ ಗವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. ಅವನ ಗ್ರಂಥಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳಲಾಗುತ್ತದೆ. 1481ರಲ್ಲಿ ಸುಳ್ಳು ಆಪಾದನೆಯ ಮೇಲೆ ಅವನ ತಲೆ ಹೋಯಿತು. ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ, ಮದ್ದಿನ ಸ್ಫೋಟದಲ್ಲಿ ಮದರಸಾದ ಒಂದು ಭಾಗವೂ ಕುಸಿಯಿತು. ಇಂದು ಒಂಟಿ ಮಿನಾರು, ಬಣ್ಣದ ಹೆಂಚಿನ ಚೂರುಗಳು ಉಳಿದಿವೆ. ಪುಸ್ತಕಗಳು ಉಳಿಯಲಿಲ್ಲ. ಗವಾನನ ಪತ್ರಗಳ ಸಂಕಲನ ‘ರಿಯಾಜುಲ್ ಇನ್ಶಾ’ ಮಾತ್ರ ಬೇರೆ ಬೇರೆ ಕಡೆ ನಕಲಾಗಿ ಉಳಿದುಕೊಂಡಿತು. ಒಬ್ಬನೇ ಕೂಡಿಸಿದ್ದು ಒಂದೇ ಕಟ್ಟಡದಲ್ಲಿದ್ದರೆ ಏನಾಗಬಹುದೆಂಬುದಕ್ಕೆ ಬೇರೆ ಉದಾಹರಣೆ ಹುಡುಕಿಕೊಂಡು ಬೀದರಿನವರು ದೂರ ಹೋಗಬೇಕಾಗಿಲ್ಲ.

ಬಹಮನಿಗಳ ನಂತರ ಬರೀದಶಾಹಿ, 1619ರಲ್ಲಿ ಬಿಜಾಪುರದ ಆದಿಲಶಾಹಿ, 1657ರಲ್ಲಿ ಮೊಗಲರು, ಆಮೇಲೆ ನಿಜಾಮರು. ಒಡೆಯರು ಬದಲಾದಂತೆಲ್ಲ ಅರಮನೆಯ ಸಾಮಾನು ಚದುರಿತು. 1914ರಲ್ಲಿ ನಿಜಾಮರ ಸರ್ಕಾರ ಪುರಾತತ್ತ್ವ ಇಲಾಖೆಯನ್ನು ತೆರೆದಾಗ ಅದರ ಮುಖ್ಯಸ್ಥರಾಗಿ ಬಂದ ಗುಲಾಮ್ ಯಜ್ದಾನಿ ಅವರು ಬೀದರಿನ ಕಟ್ಟಡಗಳ ದುರಸ್ತಿಗೆ ಕೈಹಾಕಿದರು. ಕೋಟೆ, ಗೋರಿ, ಮಸೀದಿಗಳನ್ನು ಅಳೆದು, ಶಾಸನ ಓದಿ, 1947ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೇ ಇಂದಿಗೂ ಬೀದರ್ ಕುರಿತ ಮುಖ್ಯ ಆಧಾರ. ಕೋಟೆಯೊಳಗೆ ಹಳೆಯ ಹಮಾಮಿನ ಕಟ್ಟಡದಲ್ಲಿ ಒಂದು ವಸ್ತುಸಂಗ್ರಹಾಲಯವೂ ಇದೆ. ಆಯುಧ, ಮೂರ್ತಿಗಳನ್ನು ಅಲ್ಲಿ ನೋಡಬಹುದು. ಆದರೆ ಇವೆಲ್ಲ ಸುಲ್ತಾನರ, ಸರದಾರರ, ದೇವಾಲಯಗಳ ಇತಿಹಾಸ. ಗವಾನ್ ಚೌಕದಲ್ಲಿ ಅಂಗಡಿ ಇಟ್ಟವನು, ಭಾಲ್ಕಿಯಲ್ಲಿ ಶಾಲೆ ಕಲಿತವನು, ಔರಾದಿನ ಸಂತೆಗೆ ಎತ್ತು ಹೊಡೆದುಕೊಂಡು ಬಂದವನು ಅದರಲ್ಲಿ ಸಿಗುವುದಿಲ್ಲ.

ಬೀದರಿನ ಕೈಕೆಲಸದ ಉತ್ತಮ ಮಾದರಿಗಳನ್ನು ನೋಡಬೇಕೆಂದರೆ ಹೈದರಾಬಾದಿಗೇ ಹೋಗಬೇಕು. ಅಲ್ಲಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಬಿದರಿಗೇ ಒಂದು ವಿಭಾಗವಿದೆ. ಇದೂ ಮೂಲದಲ್ಲಿ ಒಬ್ಬ ವ್ಯಕ್ತಿಯ, ಒಂದು ಮನೆತನದ ಖಾಸಗಿ ಸಂಗ್ರಹವೇ. 1912ರಿಂದ 1914ರವರೆಗೆ ನಿಜಾಮರ ದಿವಾನರಾಗಿದ್ದ ಮೀರ್ ಯೂಸುಫ್ ಅಲಿ ಖಾನ್, ಅಂದರೆ ಮೂರನೆಯ ಸಾಲಾರ್ ಜಂಗ್, ಹುದ್ದೆ ಬಿಟ್ಟ ಮೇಲೆ ಉಳಿದ ಆಯುಷ್ಯವನ್ನೆಲ್ಲ ವಸ್ತುಗಳನ್ನು ಕೂಡಿಸುವುದರಲ್ಲಿ ಕಳೆದರು. ಮದುವೆಯಾಗಲಿಲ್ಲ. 1949ರ ಮಾರ್ಚ್‌ನಲ್ಲಿ ತೀರಿಕೊಂಡಾಗ ನೇರ ವಾರಸುದಾರರು ಇರಲಿಲ್ಲ, ಉಯಿಲಿನಲ್ಲಿ ವ್ಯವಸ್ಥೆಯೂ ಇರಲಿಲ್ಲ. ಸಂಗ್ರಹ ಹರಾಜಾಗಿ ಚೂರುಚೂರಾಗಿ ಹೋಗುವ ಸ್ಥಿತಿ ಬಂದಿತ್ತು. ಆಗ ಹೈದರಾಬಾದಿನ ಆಡಳಿತ ನೋಡಿಕೊಳ್ಳುತ್ತಿದ್ದ ಎಂ.ಕೆ. ವೆಲ್ಲೋಡಿ ಅವರು ಮುತುವರ್ಜಿ ವಹಿಸಿದರು. ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ವಸ್ತುಗಳನ್ನು ಓರಣವಾಗಿ ಜೋಡಿಸಿದರು. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿ, ಸಾಲಾರ್ ಜಂಗರ ಸ್ವಂತ ನಿವಾಸದಲ್ಲಿಯೇ, ಜವಾಹರಲಾಲ್ ನೆಹರೂ ಅದನ್ನು ಸಾರ್ವಜನಿಕರಿಗೆ ತೆರೆದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು, 1968ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂತು.

ಅಲ್ಲಿಯ ಬಿದರಿ ಹುಕ್ಕಾ, ಹೂಜಿ, ಪಾನದಾನಗಳ ಮುಂದೆ ನಿಂತಾಗ ಒಂದು ಪ್ರಶ್ನೆ ಏಳುತ್ತದೆ. ಇವುಗಳಲ್ಲಿ ಬೀದರಿನಲ್ಲೇ ಆದದ್ದು ಯಾವುದು? ಬಿದರಿ ಎಂಬ ಹೆಸರು ಬೀದರಿನದಾದರೂ ಆ ಕಸುಬು ಲಖನೌ, ಮುರ್ಶಿದಾಬಾದ್, ಬಿಹಾರದ ಪೂರ್ಣಿಯಾದವರೆಗೆ ಹಬ್ಬಿತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಯನ್ನು ನುಣುಪು ಮಾಡಿ, ಉಳಿಯಿಂದ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕೂಡಿಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೆಲಸಗಾರರು ತಮ್ಮ ಹೆಸರನ್ನಾಗಲಿ ವರ್ಷವನ್ನಾಗಲಿ ಬರೆಯುವ ರೂಢಿ ಬಹಳ ಕಡಿಮೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿ ಪಾತ್ರೆಗಳನ್ನು ಇಟ್ಟಿದ್ದರು. ಅಂದಿನಿಂದ ಯುರೋಪಿನ ಸಂಗ್ರಹಾಲಯಗಳಲ್ಲೂ ಅವು ಇವೆ. ಅವುಗಳನ್ನು ಕುರಿತು ಬರೆಯುವ ವಿದ್ವಾಂಸರು ವಿನ್ಯಾಸ, ಆಕಾರಗಳನ್ನು ಹೋಲಿಸಿ ‘ಹದಿನೇಳನೆಯ ಶತಮಾನ, ಬಹುಶಃ ಬೀದರ್’ ಎಂದು ಬರೆಯುತ್ತಾರೆ. ಆ ‘ಬಹುಶಃ’ ಎಂಬ ಮಾತಿನಲ್ಲೇ ತೊಂದರೆ ಇರುವುದು.

ಬೀದರಿನ ಒಂದು ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಇರುವ ಸಾಧಾರಣ ಪಾನದಾನಕ್ಕೆ ಈ ತೊಂದರೆ ಇಲ್ಲ. ಯಾರ ಮದುವೆಗೆ ಬಂತು, ಯಾವ ಓಣಿಯ ಉಸ್ತಾದರಿಂದ ಮಾಡಿಸಿದ್ದು ಎಂಬುದು ಮನೆಯ ಅಜ್ಜಿಗೆ ಗೊತ್ತಿರುತ್ತದೆ. ಕೆಲಸ ಅಷ್ಟೇನೂ ನಾಜೂಕಾಗಿರದಿರಬಹುದು. ಆದರೂ ಅದರ ಊರು, ಕಾಲ ಎರಡೂ ಖಚಿತ, ಹೈದರಾಬಾದಿನ ಹುಕ್ಕಾಕ್ಕಿಲ್ಲದ ಅನುಕೂಲ ಅದು. ಅಜ್ಜಿ ಇರುವ ತನಕ ಮಾತ್ರ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು, 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇಂದು ಆಗುವ ಬಿದರಿಯ ಹುಟ್ಟೂರಿಗೆ ಹೀಗೆ ದಾಖಲೆ ಸಿಕ್ಕಿತು. ಮನೆಗಳಲ್ಲಿ ಇರುವ ಹಳೆಯದಕ್ಕೆ ದಾಖಲೆ ಮಾಡಬೇಕಾದವರು ಮನೆಯವರೇ.

ದುಡ್ಡಿದ್ದವರು ಮಾತ್ರ ಸಂಗ್ರಹ ಮಾಡಬಲ್ಲರು ಎಂಬ ಮಾತನ್ನು ಸುಳ್ಳು ಮಾಡಿದವರೂ ಇದ್ದಾರೆ. ಬೀದರಿನ ಮರಾಠಿ ಬಲ್ಲವರಿಗೆ ಪುಣೆಯ ದಿನಕರ ಕೇಳಕರ ಅವರ ಹೆಸರು ಹೊಸದಲ್ಲ. ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದ ಅವರ ಮನೆತನದ ಕಸುಬು ಕನ್ನಡಕದ ಅಂಗಡಿ. 1920ರ ದಶಕದಿಂದ ಅವರು ಊರೂರು ತಿರುಗಿ ದೀಪ, ಅಡಕತ್ತು, ಬಾಗಿಲು ಚೌಕಟ್ಟು, ಅಡುಗೆಯ ಪಾತ್ರೆ, ಹೆಂಗಸರ ಶೃಂಗಾರದ ಪೆಟ್ಟಿಗೆ, ವೀಣೆ, ತಂಬೂರಿ ಎಲ್ಲವನ್ನೂ ಕೂಡಿಸಿದರು. ಸಣ್ಣ ವಯಸ್ಸಿನಲ್ಲೇ ತೀರಿಹೋದ ಮಗ ರಾಜಾನ ಹೆಸರನ್ನು ಸಂಗ್ರಹಕ್ಕೆ ಇಟ್ಟರು. ಇಪ್ಪತ್ತು ಸಾವಿರ ವಸ್ತುಗಳನ್ನು ದಾಟಿದ್ದ ಅದನ್ನು ಕೊನೆಗೆ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟರು. 1990ರಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿಯೇ ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಇನ್ನೂ ಮುಂದೆ ಹೋಗಿ, ಕೆಡವಲು ಹೊರಟಿದ್ದ ಮನೆಗಳನ್ನೇ ಕಂಬ, ತೊಲೆ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡ ಅವರ ‘ಹಸ್ತಶಿಲ್ಪ’ ಪರಂಪರೆಯ ಗ್ರಾಮದಲ್ಲಿ ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲೂ ಇದೆ, ದಖ್ಖನಿ ನವಾಬ್ ಮಹಲೂ ಇದೆ. ನಮ್ಮ ಸೀಮೆಯ ವಾಡೆ, ಮಹಲುಗಳ ಸೊಗಸನ್ನು ನೋಡಲು ಕರಾವಳಿಗೆ ಹೋಗಬೇಕಾಯಿತಲ್ಲ ಎಂದು ಹೈದರಾಬಾದ್ ಕರ್ನಾಟಕದವರಿಗೆ ಅನಿಸಿದರೆ ತಪ್ಪಿಲ್ಲ. ಬಿದ್ದು ಮಣ್ಣಾಗುವುದಕ್ಕಿಂತ ಅದು ಮೇಲಷ್ಟೆ.

ಹಾಗಾದರೆ ಬೀದರ್ ಸೀಮೆಯ ಮನೆಗಳಲ್ಲಿ ಕೂಡಿಡಬೇಕಾದ್ದು ಏನಿದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಮನಿಗಳವರೆಗೆ ಹೋಗಬೇಕಾಗಿಲ್ಲ. 1948ರಿಂದ 1960ರವರೆಗಿನ ಹನ್ನೆರಡು ವರ್ಷ ಸಾಕು.

ಆ ಹನ್ನೆರಡು ವರ್ಷಗಳಲ್ಲಿ ಇಲ್ಲಿಯ ಒಂದು ಸಾಮಾನ್ಯ ಸಂಸಾರದ ಸುತ್ತ ಏನೆಲ್ಲ ಬದಲಾಯಿತು ನೋಡಿ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಜ್ಯವೇ ಬದಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು, ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. 1957ರಲ್ಲಿ ನಯಾ ಪೈಸೆ ಬಂದು ಆಣೆಗಳ ಲೆಕ್ಕ ಹೋಯಿತು. ಚಾರ್‌ಮಿನಾರ್ ಚಿತ್ರವಿದ್ದ ಹಾಲಿ ಸಿಕ್ಕಾ ರೂಪಾಯಿ 1950ರ ದಶಕದ ಕೊನೆಗೆ ಪೂರ್ತಿ ನಿಂತುಹೋಯಿತು. ಅಳತೆ, ತೂಕಕ್ಕೆ ಮೆಟ್ರಿಕ್ ಪದ್ಧತಿ ತರುವ ಕಾಯ್ದೆ 1956ರಲ್ಲಿ ಆಗಿ, ಸೇರು, ಪಾವು ಕ್ರಮೇಣ ಮೂಲೆ ಸೇರಿದವು. ಕಚೇರಿಯ ಭಾಷೆ ಉರ್ದುವಿನಿಂದ ಬದಲಾಯಿತು. ಒಂದೇ ಮನೆಯಲ್ಲಿ ಕುಳಿತಿದ್ದ ಮನುಷ್ಯನಿಗೆ ರಾಜ್ಯ, ದುಡ್ಡು, ತಕ್ಕಡಿ, ಅರ್ಜಿ ಬರೆಯುವ ಭಾಷೆ ಎಲ್ಲವೂ ಬೇರೆಯಾದವು. ಇದಕ್ಕೆ ಸಾಕ್ಷಿ ಹೇಳುವ ವಸ್ತುಗಳು ಯಾವ ಕೋಟೆಯಲ್ಲೂ ಇಲ್ಲ, ಅಟ್ಟದ ಮೇಲಿವೆ.

ಹಾಲಿ ಸಿಕ್ಕಾ ರೂಪಾಯಿಯನ್ನೇ ತೆಗೆದುಕೊಳ್ಳಿ. ಅದಕ್ಕೂ ಬ್ರಿಟಿಷರ ‘ಕಲ್ದಾರ್’ ರೂಪಾಯಿಗೂ ಬೆಲೆ ಬೇರೆ. ಸುಮಾರು 7 ಹಾಲಿ ಕೊಟ್ಟರೆ 6 ಕಲ್ದಾರ್. ಸೊಲ್ಲಾಪುರಕ್ಕೆ ಸರಕು ಕಳಿಸುವ ವ್ಯಾಪಾರಿಗೆ ಈ ಲೆಕ್ಕ ಬಾಯಿಪಾಠವಾಗಿರಲೇಬೇಕಿತ್ತು. ನಾಣ್ಯದ ಮೇಲಿನ ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಸಣ್ಣ ಅಕ್ಷರವಿರುತ್ತದೆ. ಮೀಮ್ ಇದ್ದರೆ ಮೆಹಬೂಬ್ ಅಲಿ ಖಾನರ ಕಾಲದ್ದು, ಐನ್ ಇದ್ದರೆ ಉಸ್ಮಾನ್ ಅಲಿ ಖಾನರದು. ಇಂಥ ಎರಡು ನಾಣ್ಯಗಳನ್ನು ಪಕ್ಕ ಪಕ್ಕ ಇಟ್ಟು, ಒಂದು ಭೂತಗನ್ನಡಿ ಕೊಟ್ಟರೆ ಶಾಲೆಯ ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ನೂರು ನಾಣ್ಯಗಳ ಹಲಗೆಗಿಂತ ಇದು ಹೆಚ್ಚು ಕಲಿಸುತ್ತದೆ.

ಭಾಲ್ಕಿಯ ಕಥೆ ಬೇರೆ. ಹಲಗೆ ಉರ್ದು, ಪಾಠ ಕನ್ನಡ ಎಂದು ಮೇಲೆ ಹೇಳಿದ್ದು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕೆಲಸ. ಕಮಲನಗರದಲ್ಲಿ ಹುಟ್ಟಿ, ಭಾಲ್ಕಿಯ ಮಠಕ್ಕೆ ಪಟ್ಟಾಧ್ಯಕ್ಷರಾಗಿ ಬಂದ ಅವರು ಹಳ್ಳಿಗಳಿಂದ ಮಕ್ಕಳನ್ನು ಕರೆತಂದು, ಮಠದಲ್ಲಿ ಊಟ ಹಾಕಿ ಕನ್ನಡ ಓದಿಸಿದರು. ನೂರು ದಾಟಿದ ವಯಸ್ಸಿನಲ್ಲಿ, 1999ರಲ್ಲಿ ಲಿಂಗೈಕ್ಯರಾದರು. ಗಡಿ ಸೀಮೆಯಲ್ಲಿ ಕನ್ನಡ ಉಳಿದ ಬಗೆಯನ್ನು ಹೇಳುವವರೆಲ್ಲ ಈ ಹಲಗೆಯ ಕಥೆ ಹೇಳುತ್ತಾರೆ. ಭಾಷಣದಲ್ಲಿ ಅದನ್ನು ಕೇಳಿ ಕೇಳಿ ನಮಗೆ ಸಲೀಸಾಗಿದೆ. ಆದರೆ ಆ ಶಾಲೆಗಳಲ್ಲಿ ಓದಿದ ಒಬ್ಬರ ಮನೆಯಲ್ಲಿ ಅಂದಿನ ಕನ್ನಡ ಬಾಲಬೋಧೆಯೋ, ಸ್ಲೇಟೋ, ಉರ್ದುವಿನಲ್ಲಿ ಬರೆದ ಹಾಜರಿ ಚೀಟಿಯೋ ಉಳಿದಿದ್ದರೆ, ಅದು ಭಾಷಣಕ್ಕಿಂತ ಗಟ್ಟಿಯಾದ ಸಾಕ್ಷಿ. ನಾಲ್ಕಾಣೆಯ ಪುಸ್ತಕವೆಂದು ಮೊಮ್ಮಕ್ಕಳು ಗುಜರಿಗೆ ಹಾಕುವ ಭಯ ಇಂಥವಕ್ಕೇ ಹೆಚ್ಚು. ಬೆಳ್ಳಿಯ ಪಾನದಾನವನ್ನು ಯಾರೂ ಎಸೆಯುವುದಿಲ್ಲ.

ಔರಾದ್ ತಾಲ್ಲೂಕು ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಅಂಟಿಕೊಂಡಿದೆ. ಅಮರೇಶ್ವರನ ಜಾತ್ರೆ, ದೇವಣಿ ತಳಿಯ ದನಗಳು ಇಲ್ಲಿಯ ಹೆಸರು. ಈ ಭಾಗದ ಹಳೆಯ ಮನೆಗಳಲ್ಲಿ ಕಾಗದಪತ್ರಗಳೇ ಮುಖ್ಯ ಆಸ್ತಿ. ಹೊಲದ ಖರೀದಿ ಪತ್ರ ಉರ್ದುವಿನಲ್ಲಿ, ಸಾಲದ ಲೆಕ್ಕ ಮರಾಠಿಯ ಮೋಡಿ ಲಿಪಿಯಲ್ಲಿ, ಪುರಾಣದ ಹೊತ್ತಿಗೆ ಕನ್ನಡದಲ್ಲಿ ಇರುವುದು ಇಲ್ಲಿ ಆಶ್ಚರ್ಯವಲ್ಲ. ಮೋಡಿಯನ್ನು ಸರಾಗವಾಗಿ ಓದಬಲ್ಲವರು ಈಗ ಬಹಳ ಕಡಿಮೆ. ಉರ್ದುವಿನ ಶಿಕಸ್ತಾ ಬರಹ ಓದುವವರು ಇನ್ನೂ ಕಡಿಮೆ. ಉದಗೀರದ ಕಡೆಯ 1956ಕ್ಕಿಂತ ಹಿಂದಿನ ಪತ್ರಗಳಲ್ಲಿ ‘ಜಿಲ್ಲೆ ಬೀದರ್’ ಎಂದಿರುತ್ತದೆ. ಇಂಥ ಒಂದು ಪತ್ರವನ್ನು ಗೋಡೆಗೆ ತೂಗುಹಾಕಿ ಪಕ್ಕದಲ್ಲಿ ಹಳೆಯ ಬೀದರ್ ಜಿಲ್ಲೆಯ ನಕಾಶೆ ಇಟ್ಟರೆ, ಗಡಿ ಎಂಬುದು ಎಷ್ಟು ಹೊಸದು ಎಂದು ಯಾರೂ ವಿವರಿಸಬೇಕಾಗುವುದಿಲ್ಲ. ಮಗಳನ್ನು ಕೊಟ್ಟ ಊರು, ಸೊಸೆ ತಂದ ಊರು ಬೇರೆ ರಾಜ್ಯಕ್ಕೆ ಸೇರಿಹೋದ ಮನೆತನಗಳು ಇಲ್ಲಿ ಬೇಕಾದಷ್ಟಿವೆ.

ಮನೆಯಲ್ಲಿ ಹಳೆಯ ವಸ್ತು ಇಟ್ಟುಕೊಂಡರೆ ಸರ್ಕಾರ ಕಸಿದುಕೊಳ್ಳುತ್ತದೆ ಎಂಬ ಹೆದರಿಕೆ ಜನರಲ್ಲಿದೆ. ಹಲವರು ಸಂಗ್ರಹವನ್ನು ತೋರಿಸದೆ ಬಚ್ಚಿಡುವುದು ಇದಕ್ಕೇ. ಕಾಯ್ದೆ ಹೇಳುವುದು ಬೇರೆ. ಪ್ರಾಚ್ಯವಸ್ತುಗಳ 1972ರ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಅದರ ವ್ಯಾಪ್ತಿಗೆ ಬರುತ್ತವೆ. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕಲ್ಲು, ಲೋಹ, ಮರದ ಮೂರ್ತಿಶಿಲ್ಪ, ಹಳೆಯ ಚಿತ್ರ, ಚಿತ್ರಗಳಿರುವ ಹಸ್ತಪ್ರತಿ ಮುಂತಾದ ಕೆಲವು ಬಗೆಯವನ್ನು ನೋಂದಾಯಿಸಬೇಕು. ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನೆಲ ಅಗೆಯುವಾಗ ಸಿಕ್ಕ ನಾಣ್ಯದ ಗಡಿಗೆಯ ಮಾತು ಬೇರೆ. ಅದು ನಿಧಿ. 1962ರ ರಾಜ್ಯ ಕಾಯ್ದೆಯಂತೆ ಅಧಿಕಾರಿಗಳಿಗೆ ತಿಳಿಸಲೇಬೇಕು. ಹೊಲದಲ್ಲಿ ಸಿಕ್ಕ ಬಹಮನಿ ತಾಮ್ರದ ನಾಣ್ಯಗಳನ್ನು ಹತ್ತು ಜನ ಹಂಚಿಕೊಂಡರೆ ಕಾಯ್ದೆ ಮುರಿದಂತಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಂದೇ ಗಡಿಗೆಯಲ್ಲಿ ಯಾವ ಯಾವ ಸುಲ್ತಾನರ ನಾಣ್ಯಗಳು ಒಟ್ಟಿಗಿದ್ದವು ಎಂಬುದರಿಂದ ಅದನ್ನು ಹೂಳಿದ ಕಾಲ ತಿಳಿಯುತ್ತದೆ. ಹಂಚಿದ ಮೇಲೆ ಆ ಲೆಕ್ಕ ಮುಗಿಯಿತು.

ಪ್ರದರ್ಶನಕ್ಕೆಂದು ತೆಗೆದಾಗಲೇ ವಸ್ತುಗಳು ಹೆಚ್ಚು ಕೆಡುವುದು. ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕಿ ಫಳಫಳಿಸುವಂತೆ ಮಾಡಿದ ತಾಮ್ರದ ನಾಣ್ಯದಲ್ಲಿ ಅಕ್ಷರ ಸವೆದುಹೋಗುತ್ತದೆ. ಬಿದರಿಯನ್ನು ಹೀಗೆ ತಿಕ್ಕಿದರೆ ಕೋಟೆಯ ಮಣ್ಣು ಕೊಟ್ಟ ಕಪ್ಪೇ ಕಿತ್ತುಬರುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಅದಕ್ಕೆ ಸಾಕು. ಕಾಗದಕ್ಕೆ ಬಿಸಿಲೇ ವೈರಿ. ಕಿಟಕಿಯ ಎದುರು ಒಂದು ಬೇಸಿಗೆ ತೂಗಿದ ಸನದಿನ ಶಾಯಿ ಮಂಕಾಗುತ್ತದೆ. ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿ ಮಾಡಿ ಅಂಟಿಸಿಬಿಡುವ ಲ್ಯಾಮಿನೇಶನ್ ಚಪಲವಂತೂ ಬೇಡವೇ ಬೇಡ, ಒಮ್ಮೆ ಅಂಟಿದ ಮೇಲೆ ಅದನ್ನು ಬಿಡಿಸುವಂತಿಲ್ಲ. ನಕಲು ತೆಗೆದು ನಕಲನ್ನು ತೂಗುಹಾಕಿ, ಮೂಲವನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡುವುದು ಲೇಸು.

ಇವೆಲ್ಲಕ್ಕಿಂತ ಮೊದಲಿನ ಕೆಲಸಕ್ಕೆ ಖರ್ಚಾಗುವುದು ಎರಡು ರೂಲ್ ಪುಸ್ತಕ ಮಾತ್ರ. ಪ್ರತಿ ವಸ್ತುವಿಗೆ ಒಂದು ನಂಬರು ಕೊಟ್ಟು, ಅದು ಏನು, ಯಾವ ಊರಿನ ಯಾರ ಮನೆಯಿಂದ ಬಂತು, ಯಾವ ದಿನ ಬಂತು, ಕೊಟ್ಟವರು ಏನು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ಬರೆಯಬೇಕು. ಕೊಂಡದ್ದಾದರೆ ಕೊಟ್ಟ ದುಡ್ಡನ್ನೂ ಬರೆಯಬೇಕು. ಪುಸ್ತಕದ ಒಂದು ಪ್ರತಿ ಬೇರೆ ಮನೆಯಲ್ಲಿರಬೇಕು. ಸಂಗ್ರಹ ಮಾಡಿದವನು ತೀರಿಕೊಂಡ ಮೇಲೆ ಅವನ ಮಕ್ಕಳ ಮುಂದೆ ಬರುವ ಗಿರಾಕಿ ನಾಣ್ಯಕ್ಕೊಂದು, ಹಂಡೆಗೊಂದು ಬೆಲೆ ಹೇಳುತ್ತಾನೆ, ಪುಸ್ತಕವನ್ನು ಮುಟ್ಟುವುದಿಲ್ಲ. ಅವನಿಗೆ ಬೇಡವಾದ ಆ ಪುಸ್ತಕ ಕೈಯಲ್ಲಿದ್ದರೆ, ವಸ್ತುಗಳನ್ನು ಒಂದು ಕಾಲೇಜಿಗೋ ಮಠಕ್ಕೋ ಸಂಗ್ರಹಾಲಯಕ್ಕೋ ಒಟ್ಟಾಗಿ ಒಪ್ಪಿಸಲು ಮಕ್ಕಳಿಗೆ ಒಂದು ಕಾರಣ ಸಿಗುತ್ತದೆ. ಸಾಲಾರ್ ಜಂಗರಿಗೆ ಒಬ್ಬ ವೆಲ್ಲೋಡಿ ಸಿಕ್ಕರು. ಔರಾದಿನ ಹವ್ಯಾಸಿಯ ಮನೆಗೆ ಅಂಥವರು ಬರುವರೆಂದು ಕಾಯುತ್ತ ಕೂರುವಂತಿಲ್ಲ.

ಟ್ರಂಕಿನ ತಳದ ಆ ನೋಟಿನ ಜೊತೆಗೂ ಇಂಥ ನಾಲ್ಕು ಸಾಲು ಇರಬೇಕು: ಯಾರ ಮನೆಯಲ್ಲಿ ಸಿಕ್ಕಿತು, ಹಾಲಿ ಸಿಕ್ಕಾ ನಿಂತಾಗ ಅದನ್ನು ಬದಲಾಯಿಸಿಕೊಳ್ಳದೆ ಯಾಕೆ ಇಟ್ಟುಕೊಂಡರು. ಮರೆತಿದ್ದರೋ, ನಿಜಾಮರು ಮರಳಿ ಬರುತ್ತಾರೆಂದು ಕಾದಿದ್ದರೋ, ಮಗಳ ಮದುವೆಯ ಮೊದಲ ಉಡುಗೊರೆಯೆಂದು ತೆಗೆದಿಟ್ಟಿದ್ದರೋ. ಕೇಳಿ ಬರೆದುಕೊಳ್ಳಲು, ಉತ್ತರ ಗೊತ್ತಿರುವ ಹಿರಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ.